ಬಲೆ ನೀರಿನಲ್ಲಿರುವಾಗ ಮಾಸ್ಟಿನಲ್ಲಿ ಡಮರು ಇರಲಿ

ಕಬ್ಬಿಣದ ಸರಳು ತುಂಬಿದ ಲಾರಿಯ ಹಿಂದೆ ಒಂದು ಕೆಂಪು ಬಟ್ಟೆ ನೇತಾಡುತ್ತಿರುವುದನ್ನು ನೀವೆಲ್ಲ ನೋಡಿರುತ್ತೀರಿ. ಕಟ್ಟಿದವನಿಗೂ ಗೊತ್ತು, ಹಿಂದೆ ಬೈಕಿನಲ್ಲಿ ಬರುವವನಿಗೂ ಗೊತ್ತು. ಈ ಗಾಡಿ ಕಾಣುವುದಕ್ಕಿಂತ ಉದ್ದ ಇದೆ, ಸ್ವಲ್ಪ ದೂರ ಇರು ಅಂತ ಅದರ ಅರ್ಥ. ಕಬ್ಬಿನ ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಇಲ್ಲದಿದ್ದರೆ ಏನಾಗುತ್ತದೆ ಎಂದು ಮಂಡ್ಯ, ಬೆಳಗಾವಿ ಕಡೆಯವರಿಗೆ ನಾವು ಹೇಳಬೇಕಾಗಿಲ್ಲ.

ಸಮುದ್ರದಲ್ಲೂ ಅಂಥದ್ದೊಂದು ಗುರುತು ಇದೆ. ಅದು ಕೆಂಪಲ್ಲ, ಕಪ್ಪು. ಬಟ್ಟೆಯಲ್ಲ, ಎರಡು ಶಂಕು. ಮೇಲಿನ ಶಂಕುವಿನ ಚೂಪು ತುದಿ ಕೆಳಗೆ, ಕೆಳಗಿನ ಶಂಕುವಿನ ಚೂಪು ತುದಿ ಮೇಲೆ, ಎರಡೂ ತುದಿ ನಡುವೆ ಕೂಡಿರಬೇಕು. ಶಿವನ ಕೈಯ ಡಮರು ನೆನಪಿಸಿಕೊಳ್ಳಿ, ಅಥವಾ ಬೆಳಗಾಗೆದ್ದು ಮನೆ ಮುಂದೆ ನಿಲ್ಲುವ ಬುಡುಬುಡಿಕೆಯವರ ಬುಡುಬುಡಿಕೆ. ಅದೇ ಆಕಾರ. ಹಗಲು ಹೊತ್ತಿನಲ್ಲಿ ಬಲೆ ಬಿಟ್ಟಿರುವ ದೋಣಿ ಇದನ್ನು ಎಲ್ಲ ಕಡೆಯಿಂದ ಕಾಣುವ ಜಾಗದಲ್ಲಿ ಏರಿಸಬೇಕು. ಜಗತ್ತಿನ ಯಾವ ಹಡಗಿನವನು ನೋಡಿದರೂ ಅದಕ್ಕೆ ಒಂದೇ ಅರ್ಥ: ಈ ದೋಣಿ ಮೀನು ಹಿಡಿಯುತ್ತಿದೆ, ಬೇಕಾದಂತೆ ತಿರುಗಲಾರದು.

ನಮ್ಮ ಕರಾವಳಿಯ ಬಂದರುಗಳಲ್ಲಿ ಸಾಲಾಗಿ ನಿಂತ ಟ್ರಾಲ್ ಬೋಟುಗಳ ಮಾಸ್ಟ್ ನೋಡುತ್ತಾ ಹೋಗಿ. ಧ್ವಜ ಕಾಣುತ್ತದೆ, ಆಂಟೆನಾ ಕಾಣುತ್ತದೆ, ದೇವರ ಹೂವಿನ ಹಾರ ಕಾಣುತ್ತದೆ, ಲಿಂಬೆಹಣ್ಣು ಮೆಣಸಿನಕಾಯಿ ಕಾಣುತ್ತದೆ. ಈ ಡಮರು ನಮ್ಮ ಕಣ್ಣಿಗೆ ಬಿದ್ದದ್ದು ತೀರಾ ಅಪರೂಪ. ಹಾರ ಬೇಡ ಎಂದು ನಾವು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಇದಕ್ಕೂ ಒಂದು ಹಗ್ಗ ಇರಲಿ ಎನ್ನುತ್ತಿದ್ದೇವೆ.

ಇದು ಮೀನುಗಾರನ ಮೇಲೆ ಹೇರಿದ ಇನ್ನೊಂದು ಕಟ್ಟಳೆ ಎಂದು ಯಾರಾದರೂ ಅಂದುಕೊಂಡರೆ ತಪ್ಪು. ಇದು ಕಟ್ಟಳೆಗಿಂತ ಹೆಚ್ಚಾಗಿ ಹಕ್ಕು. ಮುನ್ನೂರು ಮೀಟರ್ ಉದ್ದದ ಕಂಟೇನರ್ ಹಡಗಿಗೆ, ಹದಿನೈದು ಮೀಟರಿನ ನಮ್ಮ ದೋಣಿ "ನೀನೇ ಪಕ್ಕಕ್ಕೆ ಹೋಗು" ಎಂದು ಹೇಳುವ ಹಕ್ಕು.

ಹೇಗೆ ಎಂದು ನೋಡೋಣ. ಸಮುದ್ರದಲ್ಲಿ ಡಿಕ್ಕಿ ತಡೆಯಲು 1972ರಲ್ಲಿ ಅಂತಾರಾಷ್ಟ್ರೀಯ ನಿಯಮಗಳು ಆದವು. 1977ರಿಂದ ಜಾರಿಯಲ್ಲಿವೆ. ಹಡಗಿನವರು ಚಿಕ್ಕದಾಗಿ ಕೋಲ್‌ರೆಗ್ಸ್ ಎನ್ನುತ್ತಾರೆ. ಭಾರತವೂ ಒಪ್ಪಿಕೊಂಡಿದೆ. ಅದರ ಪ್ರಕಾರ ಎರಡು ಯಂತ್ರದ ಹಡಗುಗಳು ಅಡ್ಡಡ್ಡ ಬಂದು ಡಿಕ್ಕಿಯಾಗುವಂತಿದ್ದರೆ, ಯಾವುದಕ್ಕೆ ಇನ್ನೊಂದು ತನ್ನ ಬಲಗಡೆ ಕಾಣುತ್ತದೋ ಅದು ದಾರಿ ಬಿಡಬೇಕು. ಇನ್ನೊಂದು ತನ್ನ ವೇಗ, ದಿಕ್ಕು ಬದಲಿಸದೆ ನೇರ ಹೋಗಬೇಕು. ಗಮನಿಸಿ, ನೇರ ಹೋಗಬಹುದು ಎಂದಲ್ಲ, ಹೋಗಬೇಕು ಎಂದಿದೆ. ಇಬ್ಬರೂ ಏಕಕಾಲಕ್ಕೆ ತಿರುಗಿ ಗೊಂದಲವಾಗಬಾರದು ಎಂದು ಹಾಗೆ. ಕಿರಿದಾದ ಗಲ್ಲಿಯಲ್ಲಿ ಎದುರಾಬದುರಾ ಬಂದ ಇಬ್ಬರು ಒಂದೇ ಕಡೆಗೆ ಸರಿದು ಸರಿದು ಮುಖ ನೋಡಿಕೊಳ್ಳುವುದಿಲ್ಲವೇ, ಅದೇ ಕಥೆ.

ಈಗ ಒಂದು ಚಿತ್ರ ಕಲ್ಪಿಸಿಕೊಳ್ಳಿ. ಮಧ್ಯಾಹ್ನ ಎರಡು ಗಂಟೆ. ನಮ್ಮ ಟ್ರಾಲ್ ಬೋಟು ಮೂರು ನಾಟ್ ವೇಗದಲ್ಲಿ ಬಲೆ ಎಳೆಯುತ್ತಾ ಹೋಗುತ್ತಿದೆ. ಬಲಗಡೆಯಿಂದ ಒಂದು ದೊಡ್ಡ ಹಡಗು ಬರುತ್ತಿದೆ. ಹಡಗಿನ ಸೇತುವೆಯಲ್ಲಿ ನಿಂತ ಅಧಿಕಾರಿಗೆ ಎಡಗಡೆ ಒಂದು ಸಣ್ಣ ಯಂತ್ರದ ದೋಣಿ ಕಾಣುತ್ತದೆ. ಗುರುತು ಏನೂ ಇಲ್ಲ. ಅವನ ಪುಸ್ತಕ ಹೇಳುವುದು: ಆ ದೋಣಿಗೆ ನೀನು ಬಲಗಡೆ ಇದ್ದೀಯ, ಅದು ದಾರಿ ಬಿಡಬೇಕು, ನೀನು ನೇರ ಹೋಗು. ಅವನು ನೇರ ಬರುತ್ತಾನೆ.

ಇತ್ತ ನಮ್ಮ ತಂಡೇಲನ ಹಿಂದೆ ನೀರಿನ ಆಳದ ಮೂರು ನಾಲ್ಕು ಪಟ್ಟು ಉದ್ದದ ತಂತಿಹಗ್ಗ, ಅದರ ತುದಿಗೆ ಬಲೆ, ಬಾಯಿ ತೆರೆಸುವ ಭಾರದ ಹಲಗೆಗಳು. ಚಕ್ಕನೆ ತಿರುಗಿಸಿದರೆ ಹಗ್ಗ ಸುತ್ತಿಕೊಳ್ಳಬಹುದು, ದೋಣಿ ವಾಲಬಹುದು, ಲಕ್ಷಗಟ್ಟಲೆ ಬೆಲೆಯ ಬಲೆ ಹೋಗಬಹುದು. ಅವನು ತಿರುಗಲಾರ. ಹಡಗಿನವನು ತಿರುಗುವುದಿಲ್ಲ. ಇಬ್ಬರೂ ತಾವು ಮಾಡುತ್ತಿರುವುದು ಸರಿ ಎಂದೇ ನಂಬಿದ್ದಾರೆ.

ಅದೇ ಚಿತ್ರದಲ್ಲಿ ಮಾಸ್ಟಿನ ಮೇಲೆ ಡಮರು ಇದೆ ಎಂದುಕೊಳ್ಳಿ. ಆಗ ಎಡ ಬಲದ ಲೆಕ್ಕವೇ ಬರುವುದಿಲ್ಲ. ಮೀನು ಹಿಡಿಯುವುದರಲ್ಲಿ ತೊಡಗಿದ ದೋಣಿಗೆ ಯಂತ್ರದ ಹಡಗು ದಾರಿ ಬಿಡಬೇಕು ಎಂದು 18ನೇ ನಿಯಮ ಹೇಳುತ್ತದೆ. ಹಡಗಿನವನ ಕೆಲಸ ತಲೆಕೆಳಗಾಯಿತು. ನೇರ ಹೋಗಬೇಕಾಗಿದ್ದವನು ಈಗ ತಿರುಗಲೇಬೇಕು. ಇದಿಷ್ಟನ್ನು ಮಾಡಿದ್ದು ಎರಡು ಕಪ್ಪು ಶಂಕು.

ಬಲೆ ಬಿಟ್ಟಿದ್ದರೆ ಗುರುತು ಇಲ್ಲದಿದ್ದರೂ ಅದು ಮೀನುಗಾರಿಕೆಯೇ ತಾನೇ ಎಂದು ಕೇಳಬಹುದು. ಹೌದು. ಆದರೆ ಎದುರಿನವನಿಗೆ ಅದು ಗೊತ್ತಾಗುವುದು ಹೇಗೆ? ನೀರೊಳಗಿನ ಬಲೆ ಅವನಿಗೆ ಕಾಣುವುದಿಲ್ಲ. ನಿಧಾನ ಹೋಗುವ ದೋಣಿಗಳೆಲ್ಲ ಬಲೆ ಎಳೆಯುತ್ತಿರುವುದಿಲ್ಲ, ಇಂಜಿನ್ ಕೆಟ್ಟದ್ದೂ ಇರಬಹುದು, ಚಹಾ ಕುಡಿಯಲು ನಿಂತದ್ದೂ ಇರಬಹುದು.

ಇಲ್ಲಿ ಹಡಗಿನವರ ಪರ ವಕಾಲತ್ತು ನಾವು ವಹಿಸುತ್ತಿಲ್ಲ. ಕಣ್ಣು ಕಿವಿ ತೆರೆದು ಸದಾ ಕಾವಲು ಕಾಯಬೇಕು ಎಂಬುದು 5ನೇ ನಿಯಮ, ಅದಕ್ಕೆ ವಿನಾಯಿತಿ ಇಲ್ಲ. ಡಮರು ಇರಲಿಲ್ಲ ಎಂದ ಮಾತ್ರಕ್ಕೆ ದೋಣಿ ಮೇಲೆ ಹತ್ತಿಸಿದ ಹಡಗು ನಿರಪರಾಧಿ ಆಗುವುದಿಲ್ಲ. ಆದರೆ ವಿಚಾರಣೆ ಎಂಬುದು ಶುರುವಾದಾಗ ಎರಡೂ ಕಡೆಯವರು ನಿಯಮ ಪಾಲಿಸಿದ್ದರೇ ಎಂದು ನೋಡುತ್ತಾರೆ. ಹಡಗಿನ ಕಂಪನಿಯ ಪರ ಕೂರುವ ವಕೀಲರ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಾಗದೆ ಇರುತ್ತದೆಯೇ? ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ತಂಡೇಲ ಬದುಕಿರುತ್ತಾನೋ ಇಲ್ಲವೋ. ಪರಿಹಾರಕ್ಕೆ ಅಲೆಯುವವಳು ಅವನ ಹೆಂಡತಿ.

ರಾತ್ರಿಯ ಮಾತು ಬೇರೆ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಾಚೆ ಆಳ ಸಮುದ್ರದಲ್ಲಿ ಕೇರಳದ ಬೇಪೂರಿನಿಂದ ಬಂದಿದ್ದ ದೋಣಿಗೂ ಸಿಂಗಾಪುರ ಧ್ವಜದ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಜನರಲ್ಲಿ ಜೀವಂತ ಸಿಕ್ಕವರು ಇಬ್ಬರೇ. ಅದು ನಡುರಾತ್ರಿ ಕಳೆದ ಮೇಲೆ ಆದದ್ದು. ಆ ಹೊತ್ತಿಗೆ ಡಮರು ಯಾರಿಗೂ ಕಾಣದು. ರಾತ್ರಿಗೆ ದೀಪದ ಭಾಷೆ ಇದೆ: ಎಳೆಬಲೆ ದೋಣಿಗೆ ಮೇಲೆ ಹಸಿರು ಕೆಳಗೆ ಬಿಳಿ, ಬೇರೆ ಬಲೆಯವರಿಗೆ ಮೇಲೆ ಕೆಂಪು ಕೆಳಗೆ ಬಿಳಿ. ದೊಡ್ಡ ಸಾವುಗಳ ಸುದ್ದಿ ಹೆಚ್ಚಾಗಿ ಕತ್ತಲೆಯಲ್ಲಿ ಹುಟ್ಟುವುದರಿಂದಲೋ ಏನೋ, ಹಗಲಿನ ಗುರುತಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ.

ಆದರೆ ಹಗಲಿನ ನಷ್ಟ ಪತ್ರಿಕೆಗೆ ಬರುವ ನಷ್ಟವಲ್ಲ. ಬಲೆಯ ಮೇಲೆ ಹಡಗು ಹಾದು ಹೋಗುತ್ತದೆ, ಬಲೆ ಹರಿಯುತ್ತದೆ, ಹಡಗಿನವನಿಗೆ ಗೊತ್ತೂ ಆಗುವುದಿಲ್ಲ. ದಡಕ್ಕೆ ಬಂದ ಮೇಲೆ ಸಾಲದ ಪುಸ್ತಕದಲ್ಲಿ ಇನ್ನೊಂದು ಸಾಲು. ಸಾವಿಲ್ಲದ ಕಡೆ ಸುದ್ದಿಯಿಲ್ಲ ಎಂಬುದು ನಮ್ಮ ವೃತ್ತಿಯ ಗುಣ.

ಇದಕ್ಕಾಗಿಯೇ ಇನ್ನೊಂದು ಗುರುತು ಇದೆ, ಅದು ಇನ್ನೂ ಕಡಿಮೆ ಜನಕ್ಕೆ ಗೊತ್ತು. ಎಳೆಬಲೆ ಬಿಟ್ಟು ಬೇರೆ ರೀತಿ ಮೀನು ಹಿಡಿಯುವವರ ಬಲೆ ದೋಣಿಯಿಂದ 150 ಮೀಟರಿಗಿಂತ ಆಚೆ ಹರಡಿದ್ದರೆ, ಬಲೆ ಇರುವ ದಿಕ್ಕಿಗೆ ಒಂಟಿ ಶಂಕು ತೂಗಬೇಕು. ಚೂಪು ತುದಿ ಮೇಲೆ. "ನನ್ನ ಬಲೆ ಈ ಕಡೆ ಇದೆ, ನೀನು ಆ ಕಡೆಯಿಂದ ಹೋಗು" ಎಂದು ಮಾತಿಲ್ಲದೆ ಹೇಳಿದಂತೆ. ಗಿಲ್‌ನೆಟ್‌ನವರಿಗೆ ಇದಕ್ಕಿಂತ ಅಗ್ಗದ ವಿಮೆ ನಮಗೆ ತೋಚುವುದಿಲ್ಲ.

ಒಂದು ಸ್ವಾರಸ್ಯದ ವಿಷಯ ಹೇಳಲೇಬೇಕು. ಮೊದಲು ಇದೇ ನಿಯಮದಲ್ಲಿ, 20 ಮೀಟರಿಗಿಂತ ಚಿಕ್ಕ ದೋಣಿಯವರು ಶಂಕುಗಳ ಬದಲು ಒಂದು ಬುಟ್ಟಿ ಏರಿಸಿದರೂ ನಡೆಯುತ್ತಿತ್ತು. ಮಾಮೂಲಿ ಬುಟ್ಟಿ. ಮುಂದೆ ತಿದ್ದುಪಡಿಯಾದಾಗ ಆ ಸೌಲಭ್ಯ ತೆಗೆದರು. ದೂರದಿಂದ ನೋಡಿದವನಿಗೆ ಬುಟ್ಟಿಯೂ ಒಂದೇ, ಲಂಗರಿನ ಗುರುತಾದ ಕಪ್ಪು ಚೆಂಡೂ ಒಂದೇ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೂ ಬುಟ್ಟಿ ಇದ್ದಿದ್ದರೆ ನಮ್ಮವರಿಗೆ ಇದು ಬೇಗ ಹತ್ತುತ್ತಿತ್ತೇನೋ. ಬುಟ್ಟಿಯಿಲ್ಲದ ದೋಣಿ ಎಲ್ಲಿದೆ?

ಕಾಯಿದೆ ಕೇಳುವ ಅಳತೆ ಹೀಗಿದೆ: ಪ್ರತಿ ಶಂಕುವಿನ ಬುಡ ಕನಿಷ್ಠ 60 ಸೆಂಟಿಮೀಟರ್ ಅಗಲ, ಎತ್ತರವೂ ಅಷ್ಟೇ. ಅಂದರೆ ಡಮರು ಒಟ್ಟು ನಾಲ್ಕು ಅಡಿ. 20 ಮೀಟರಿಗಿಂತ ಚಿಕ್ಕ ದೋಣಿಯಾದರೆ ದೋಣಿಗೆ ತಕ್ಕಂತೆ ಚಿಕ್ಕದು ಮಾಡಿಕೊಳ್ಳಬಹುದು. ಚಿಕ್ಕದು ಎಂದರೆ ಕೀಚೈನ್ ಅಲ್ಲ. 60 ಸೆಂಟಿಮೀಟರಿನ ವಸ್ತು ಒಂದು ನಾಟಿಕಲ್ ಮೈಲಿ ದೂರದಲ್ಲಿ ಬರಿಗಣ್ಣಿಗೆ ಒಂದು ಚುಕ್ಕೆ. ಬೈನಾಕ್ಯುಲರ್‌ನಲ್ಲಿ ಮಾತ್ರ ಡಮರು. 20 ನಾಟ್ ವೇಗದ ಹಡಗು ಆ ಒಂದು ಮೈಲಿಯನ್ನು ಮೂರೇ ನಿಮಿಷದಲ್ಲಿ ದಾಟುತ್ತದೆ, ಅದಕ್ಕೆ ಬಸ್ಸಿನ ಹಾಗೆ ಬ್ರೇಕ್ ಇಲ್ಲ. ಆದ್ದರಿಂದ ದೋಣಿ ತಡೆಯುವಷ್ಟು ದೊಡ್ಡದೇ ಮಾಡಿಸಿ.

ಮಾಡಿಸುವುದೇನು ದೊಡ್ಡ ವಿದ್ಯೆಯಲ್ಲ. ನಿಜವಾದ ಟೊಳ್ಳು ಶಂಕು ಗಾಳಿಗೆ ಒದ್ದಾಡುತ್ತದೆ, ಇಡಲು ಜಾಗವೂ ಬೇಕು. ಹಡಗುಗಳಲ್ಲೇ ಮಡಚುವ ಗುರುತು ಬಳಸುತ್ತಾರೆ. ತೆಳು ಹಲಗೆಯಲ್ಲೋ ತಗಡಿನಲ್ಲೋ ಡಮರು ಆಕಾರದ ಎರಡು ಚಪ್ಪಟೆ ತುಂಡು ಕತ್ತರಿಸಿ, ನಡುವೆ ಸೀಳಿ, ಒಂದರೊಳಗೊಂದು ಅಡ್ಡಡ್ಡ ಸಿಕ್ಕಿಸಿದರೆ ಯಾವ ದಿಕ್ಕಿನಿಂದ ನೋಡಿದರೂ ಡಮರುವಿನ ಹಾಗೇ ಕಾಣುತ್ತದೆ. ಬೇಡವಾದಾಗ ಬಿಚ್ಚಿ ಗೋಡೆಗೆ ಒರಗಿಸಿಡಬಹುದು. ಬಂದರಿನ ಯಾವ ವೆಲ್ಡಿಂಗ್ ಶೆಡ್ಡಿನವನಾದರೂ ಮಧ್ಯಾಹ್ನ ಊಟದೊಳಗೆ ಮಾಡಿಕೊಟ್ಟಾನು. ಬಲೆಗೆ, ಡೀಸೆಲ್‌ಗೆ, ಐಸ್‌ಗೆ ಸುರಿಯುವ ಹಣದ ಮುಂದೆ ಇದರ ಖರ್ಚು ಖರ್ಚೇ ಅಲ್ಲ.

ಹಾಗಾದರೆ ಯಾಕೆ ಇಲ್ಲ? ಮೀನುಗಾರರ ಉಡಾಫೆ ಎಂದು ಬಿಡುವುದು ಸುಲಭ. ನಮಗೆ ಹಾಗನ್ನಿಸುವುದಿಲ್ಲ. ಮರ್ಚೆಂಟ್ ನೇವಿಗೆ ಹೋಗುವ ಹುಡುಗ ಅಧಿಕಾರಿಯಾಗುವ ಮೊದಲು ಈ ಆಕಾರಗಳನ್ನೆಲ್ಲ ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬೇಕು. ಇಂಗ್ಲಿಷಿನಲ್ಲಿ. ನಮ್ಮ ಕರಾವಳಿಯ ಎಷ್ಟೋ ಹುಡುಗರು ಹಾಗೆ ಓದಿ ಹಡಗಿಗೆ ಹೋಗಿದ್ದಾರೆ. ಅದೇ ಕೇರಿಯ ಇನ್ನೊಬ್ಬ ಹುಡುಗ ಹದಿನಾರಕ್ಕೆ ಶಾಲೆ ಬಿಟ್ಟು ದೋಣಿ ಹತ್ತಿ, ಕಲಾಸಿಯಾಗಿ, ಆಮೇಲೆ ತಂಡೇಲನಾಗುತ್ತಾನೆ. ಮೀನಿನ ನಡೆ, ನೀರಿನ ಬಣ್ಣ, ಗಾಳಿಯ ವಾಸನೆ ಎಲ್ಲ ಅವನಿಗೆ ಗೊತ್ತು. ಹಡಗಿನಲ್ಲಿರುವ ತನ್ನದೇ ದಾಯಾದಿ ಬೈನಾಕ್ಯುಲರ್ ಹಿಡಿದು ಯಾವ ಗುರುತು ಹುಡುಕುತ್ತಿದ್ದಾನೆ ಎಂಬುದನ್ನು ಮಾತ್ರ ಅವನಿಗೆ ಯಾರೂ ಹೇಳಿಲ್ಲ. ಒಬ್ಬನಿಗೆ ಓದಲು ಬರುತ್ತದೆ, ಇನ್ನೊಬ್ಬನಿಗೆ ಬರೆಯಲು ಕಲಿಸಿಲ್ಲ.

ಸರ್ಕಾರದ ಕಡೆಯಿಂದ ನೋಡಿದರೆ ಇದು ಎರಡು ಮನೆಯ ನಡುವಿನ ಬೇಲಿಯ ಹಾಗೆ. ಡಿಕ್ಕಿ ತಡೆಯುವ ನಿಯಮ ಕೇಂದ್ರದ ಹಡಗು ಕಾಯಿದೆಗೆ ಸೇರಿದ್ದು. ಮೀನುಗಾರಿಕೆ ನೋಡಿಕೊಳ್ಳುವುದು ರಾಜ್ಯದ ಇಲಾಖೆ, 1986ರ ಕರ್ನಾಟಕ ಕಡಲ ಮೀನುಗಾರಿಕಾ ಕಾಯಿದೆಯ ಪ್ರಕಾರ. ಬಲೆಯ ಕಣ್ಣಿನ ಅಳತೆ, ಮಳೆಗಾಲದ ನಿಷೇಧ, ಬೆಳಕು ಹಾಕಿ ಮೀನು ಹಿಡಿಯುವ ಜಗಳ, ಇವೆಲ್ಲ ಇಲಾಖೆಯ ಕಣ್ಣಿಗೆ ಬೀಳುತ್ತವೆ. ಡಮರು ಯಾರ ಕಡತದಲ್ಲೂ ಇಲ್ಲ.

ಈಗ ಟ್ರಾನ್ಸ್‌ಪಾಂಡರ್ ಬಂದಿದೆಯಲ್ಲ ಎನ್ನುವವರಿದ್ದಾರೆ. ಕರಾವಳಿ ರಾಜ್ಯಗಳ 1 ಲಕ್ಷ ದೋಣಿಗಳಿಗೆ ಅದನ್ನು ಕೊಡುವ ಯೋಜನೆಗೆ 2024ರಲ್ಲಿ ಚಾಲನೆ ಸಿಕ್ಕಿದೆ. ಒಳ್ಳೆಯದೇ. ಚಂಡಮಾರುತದ ಎಚ್ಚರಿಕೆ ಬರಲು, ಆಪತ್ತಿನಲ್ಲಿ ದಡಕ್ಕೆ ತಿಳಿಸಲು ಅದು ಬೇಕು. ಆದರೆ ಅದು ಉಪಗ್ರಹದ ಮೂಲಕ ದಡದ ಜೊತೆ ಮಾತಾಡುವ ಸಾಧನ. ಎದುರಿಗೆ ಬರುವ ಹಡಗಿನವನ ಕಣ್ಣಿಗೆ "ಬಲೆ ಬಿಟ್ಟಿದ್ದೇನೆ" ಎಂದು ಹೇಳುವುದು ಬೇರೆ ಕೆಲಸ. ಎಐಎಸ್ ಯಂತ್ರ ಇಟ್ಟುಕೊಂಡವರು ಅದರಲ್ಲಿ ಮೀನುಗಾರಿಕೆ ನಡೆಯುತ್ತಿದೆ ಎಂದು ತೋರಿಸಬಹುದು, ಅದೂ ಗುಂಡಿ ಒತ್ತಿದರೆ. ಹಲಗೆಯ ಡಮರುವಿಗೆ ಬ್ಯಾಟರಿ ಬೇಡ, ರೀಚಾರ್ಜ್ ಬೇಡ.

ದೋಣಿಯವರ ಇನ್ನೊಂದು ಮಾತೂ ಇದೆ: ಹಡಗಿನವರು ಡಮರು ನೋಡಿದರೂ ತಿರುಗುತ್ತಾರಾ? ಕೆಲವರು ತಿರುಗುವುದಿಲ್ಲ. ಹೆಲ್ಮೆಟ್ ಹಾಕಿದವರೂ ಸಾಯುತ್ತಾರೆ. ಆದರೆ ಹಡಗಿನವರ ಕಡೆಯ ಅನುಮಾನಕ್ಕೂ ನಾವು ಒಂದು ಕಾರಣ ಕೊಡಬಾರದು. ನೂರಾರು ದೋಣಿಗಳ ನಡುವೆ ಹಾದು ಹೋಗುವಾಗ ಯಾವುದರ ಹಿಂದೆ ಬಲೆ ಇದೆ, ಯಾವುದರ ಹಿಂದೆ ಇಲ್ಲ ಎಂದು ಅವನು ಊಹೆ ಮಾಡುವ ಪರಿಸ್ಥಿತಿ ಇದೆ. ಊಹೆ ತಪ್ಪಿದರೆ ಮುಳುಗುವುದು ಅವನ ಹಡಗಲ್ಲ.

ಇಲ್ಲೊಂದು ಎಚ್ಚರಿಕೆ. ಇದು ಓದಿ ನಾಳೆಯೇ ಕ್ಯಾಬಿನ್ ಮೇಲೆ ಡಮರು ವೆಲ್ಡ್ ಮಾಡಿ ವರ್ಷವಿಡೀ ಬಿಡುವವರು ಇದ್ದೇ ಇರುತ್ತಾರೆ. ಅದು ಇಲ್ಲದ್ದಕ್ಕಿಂತ ಕೆಟ್ಟದು. ಮೀನು ಹಿಡಿಯದ ಹೊತ್ತಿನಲ್ಲಿ ಆ ಗುರುತು ತೋರಿಸಲೇಬಾರದು ಎಂದು ನಿಯಮ ಸ್ಪಷ್ಟವಾಗಿ ಹೇಳಿದೆ. ಬಲೆ ನೀರಿಗೆ ಇಳಿದಾಗ ಏರಿಸಿ, ಬಲೆ ಮೇಲೆ ಬಂದಾಗ ಇಳಿಸಿ. ದಿನವಿಡೀ ತೋಳ ಬಂತು ತೋಳ ಎನ್ನುವ ದೋಣಿಯನ್ನು ಹಡಗಿನವರು ಒಂದೇ ವಾರದಲ್ಲಿ ನಂಬುವುದು ಬಿಡುತ್ತಾರೆ, ಅದರ ಫಲ ಉಳಿದ ಪ್ರಾಮಾಣಿಕರಿಗೂ ತಟ್ಟುತ್ತದೆ.

ಡಮರು ಇದ್ದ ಮಾತ್ರಕ್ಕೆ ಎಲ್ಲಿ ಬೇಕಾದರೂ ಬಲೆ ಹಾಕಬಹುದು ಎಂದೂ ಅಲ್ಲ. ಹಡಗು ಓಡಾಡುವ ಇಕ್ಕಟ್ಟಾದ ಕಾಲುವೆಯಲ್ಲಿ, ಬಂದರಿನ ದಾರಿಯಲ್ಲಿ ಮೀನು ಹಿಡಿಯುವ ದೋಣಿ ಬೇರೆಯವರಿಗೆ ಅಡ್ಡಿಯಾಗಬಾರದು. ಅಲ್ಲಿ ಡಮರುವಿನ ಹಕ್ಕು ನಡೆಯುವುದಿಲ್ಲ. ನವ ಮಂಗಳೂರು ಬಂದರಿನ ಕಾಲುವೆಯಲ್ಲಿ ತೈಲದ ಹಡಗಿಗೆ ಅಡ್ಡ ನಿಂತು ಮಾಸ್ಟ್ ತೋರಿಸಿದರೆ ಪ್ರಯೋಜನವಿಲ್ಲ. ಹಾಗೆಯೇ ಒಂದೆರಡು ಗಾಳ ಎಳೆದುಕೊಂಡು ಓಡುವ ದೋಣಿಗೂ ಈ ಗುರುತಿಲ್ಲ. ಅದರಿಂದ ದೋಣಿಯ ತಿರುಗಾಟಕ್ಕೆ ತೊಂದರೆಯಿಲ್ಲವಲ್ಲ.

ಇನ್ನು ಬೆಳಗಿನವರೆಗೆ ದುಡಿದು ಹಗಲಲ್ಲಿ ಲಂಗರು ಹಾಕಿ ಮಲಗುವ ದೋಣಿಗಳು. ಅವಕ್ಕೆ ಮುಂಭಾಗದಲ್ಲಿ ಒಂದು ಕಪ್ಪು ಚೆಂಡು. ಲಂಗರು ಹಾಕಿಯೂ ಬಲೆ ಬಿಟ್ಟಿದ್ದರೆ ಚೆಂಡು ಬೇಡ, ಡಮರುವೇ. ಇಷ್ಟು ನೆನಪಿದ್ದರೆ ಸಾಕು, ಉಳಿದ ಗುರುತುಗಳು ನಮ್ಮ ದೋಣಿಗಳಿಗೆ ಅಷ್ಟಾಗಿ ಬೇಕಾಗುವುದಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಬಲೆ ಹೆಣೆಯುವುದು, ಇಂಜಿನ್ ಬಿಚ್ಚುವುದು, ಬಣ್ಣ ಹೊಡೆಯುವುದು ನಡೆಯುತ್ತದೆ. ಡಮರು ಮಾಡಿಸಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮೀನುಗಾರರ ಸಹಕಾರ ಸಂಘಗಳು ಒಟ್ಟಿಗೆ ಐವತ್ತು ನೂರು ಮಾಡಿಸಿದರೆ ಇನ್ನೂ ಅಗ್ಗ. ಹಡಗಿನಿಂದ ರಜೆಗೆ ಊರಿಗೆ ಬಂದಿರುವ ಹುಡುಗರನ್ನು ಹಿಡಿದು ತಂದು ಬಂದರಿನಲ್ಲಿ ಒಂದು ಸಂಜೆ ಮಾತಾಡಿಸಿ. ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ. ನಮ್ಮ ದೋಣಿಗಳಲ್ಲಿ ಈಗ ಒಡಿಶಾ, ಜಾರ್ಖಂಡ್ ಕಡೆಯ ಕಲಾಸಿಗಳೂ ಇರುವುದರಿಂದ ಹಿಂದಿಯಲ್ಲೂ.

ಇಲಾಖೆಯವರು ಐಸ್ ಪ್ಲಾಂಟಿನ ಗೋಡೆಗೋ ಡೀಸೆಲ್ ಬಂಕಿನ ಗೋಡೆಗೋ ನಾಲ್ಕು ಚಿತ್ರ ಬರೆಸಲಿ. ಲೈಫ್ ಜಾಕೆಟ್ ಕೇಳುವ ಕರಾವಳಿ ಕಾವಲು ಪೊಲೀಸರು ಡಮರುವನ್ನೂ ಕೇಳಲಿ. ಆದರೆ ದಯವಿಟ್ಟು ಇದನ್ನು ಡೀಸೆಲ್ ಸಬ್ಸಿಡಿಗೆ ಗಂಟು ಹಾಕಬೇಡಿ. ಹಾಗೆ ಮಾಡಿದ ದಿನ ಇದು ಸುರಕ್ಷತೆಯ ಮಾತಾಗಿ ಉಳಿಯುವುದಿಲ್ಲ, ಇನ್ನೊಂದು ಸಹಿ ಇನ್ನೊಂದು ಕೈಬಿಸಿಯ ಮಾತಾಗುತ್ತದೆ. ಮೊದಲ ವರ್ಷ ಹೇಳಿ, ಎರಡನೇ ವರ್ಷ ನೆನಪಿಸಿ, ದಂಡದ ಮಾತು ಮೂರನೇ ವರ್ಷಕ್ಕೆ ಇರಲಿ.

ಮಾಡಿಸುವವರಿಗೆ ಬಣ್ಣದ ಬಗ್ಗೆ ಒಂದು ಮಾತು. ದೋಣಿಗೆ ಹೊಡೆದು ಉಳಿದ ನೀಲಿಯೋ ಹಸಿರೋ ಬಳಿಯಬೇಡಿ, ರೇಡಿಯಂ ಸ್ಟಿಕ್ಕರ್ ಅಂಟಿಸಬೇಡಿ. ಬಿಸಿಲಿಗೆ ಎದುರಾಗಿ ನೋಡುವವನಿಗೆ ಬಣ್ಣ ಯಾವುದೂ ಕಾಣುವುದಿಲ್ಲ, ಆಕಾಶದ ಮುಂದೆ ನೆರಳು ಮಾತ್ರ ಕಾಣುತ್ತದೆ. ನಿಯಮ ಕಪ್ಪು ಎಂದಿರುವುದು ಅದಕ್ಕೇ. ಉಪ್ಪುಗಾಳಿಗೆ ಬೇಗ ಬಿಳಚಿಕೊಳ್ಳುತ್ತದೆ, ನಡುನಡುವೆ ಇನ್ನೊಂದು ಕೈ ಹೊಡೆಯಬೇಕಾಗುತ್ತದೆ.